ಕಾವ್ಯದೇಶಗಳ ಗಣಕಭೂಪಟ: ಒಂದು ವಿಮರ್ಶೆ

ಕಾವ್ಯಗಳಲ್ಲಿ ಬರುವ ನದೀಪರ್ವತನಗರಗಳ ಹೆಸರುಗಳನ್ನು ಭೂಪಟದ ಮೇಲೆ ಗುರುತಿಸಿ ನೋಡಬೇಕೆಂಬ ಕುತೂಹಲವು ವಿದ್ವಾಂಸರಿಗೆ ಹೊಸದಲ್ಲ. ಹಿಂದೆ ಈ ಕೆಲಸಕ್ಕೆ ಒಂದು ಭೂಪಟದ ಹಾಳೆ, ಒಂದು ಸೀಸದ ಕಡ್ಡಿ, ಒಂದು ಅಡಿಪಟ್ಟಿ ಇಷ್ಟೇ ಸಾಧನಗಳಾಗಿದ್ದುವು. ಈಗ ಗಣಕಯಂತ್ರದ ಭೂಪಟಗಳು ಬಂದಿವೆ. ೨೦೦೫ರಲ್ಲಿ ಹೊರಬಂದ ಗೂಗಲ್ ಅರ್ಥ್ ಎಂಬುದೂ (ಹೆಸರಿನಲ್ಲಿ ಅರ್ಥವಿದ್ದ ಮಾತ್ರಕ್ಕೆ ಅರ್ಥನಿರ್ಣಯವಾಗದು), ೨೦೦೨ರಲ್ಲಿ ಆರಂಭವಾಗಿ ಇಂದು ಯಾರು ಬೇಕಾದರೂ ಹಣ ತೆರದೆ ಬಳಸಬಹುದಾದ ಕ್ಯೂಜಿಐಎಸ್ ಎಂಬುದೂ ಇವುಗಳಲ್ಲಿ ಪ್ರಸಿದ್ಧವಾದುವು. ಬಿಂದುವನ್ನಿಡುವುದಕ್ಕೆ ಒಂದು, ಗೆರೆಯನ್ನೆಳೆಯುವುದಕ್ಕೆ ಒಂದು, ಒಂದು ಕ್ಷೇತ್ರವನ್ನು ಸುತ್ತುವರಿದು ಬಣ್ಣ ತುಂಬುವುದಕ್ಕೆ ಒಂದು, ಹೀಗೆ ಮೂರು ಲೇಖನಿಗಳು ಇವುಗಳಲ್ಲಿರುವುವು. ಬರೆದ ಪ್ರತಿಯೊಂದು ಆಕೃತಿಗೂ ಟಿಪ್ಪಣಿಯನ್ನು ಕೂಡಿಸಲು ಬೇರೆ ಅವಕಾಶವಿದೆ. ಈ ಲೇಖನಿಗಳು ಕಾವ್ಯಾರ್ಥಕ್ಕೆ ಏನು ಮಾಡುತ್ತವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಕಾರಣವಾದದ್ದು ಒಂದು ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು ಸಿದ್ಧಪಡಿಸಿ, ಪರಿಶೀಲನೆಗೆಂದು ನಮ್ಮಲ್ಲಿಗೆ ಕಳುಹಿಸಿದ ಒಂದು ನಕ್ಷೆ. ಅದರಲ್ಲಿ ಎರಡು ಪದರಗಳಿದ್ದುವು. ಒಂದರಲ್ಲಿ ಮೇಘದೂತದ ಮೇಘಮಾರ್ಗ; ಇನ್ನೊಂದರಲ್ಲಿ ಕವಿರಾಜಮಾರ್ಗವು ಹೇಳುವ ಕನ್ನಡನಾಡು. ಈ ಎರಡನ್ನು ಒಂದೆಡೆ ತಂದದ್ದು ಯುಕ್ತವೇ ಸರಿ. ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯನು ಮೇಘದೂತದ ಪಾದಗಳನ್ನೆಲ್ಲ ತನ್ನ ಪಾರ್ಶ್ವಾಭ್ಯುದಯದಲ್ಲಿ ಹೆಣೆದಿಟ್ಟಿರುವನು. ಕವಿರಾಜಮಾರ್ಗವೂ ಅದೇ ರಾಜನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ. ಪಾರ್ಶ್ವಾಭ್ಯುದಯದೊಳಗಿನ ಮೇಘದೂತವನ್ನು ೧೮೯೪ರಲ್ಲಿಯೂ, ಕವಿರಾಜಮಾರ್ಗವನ್ನು ೧೮೯೮ರಲ್ಲಿಯೂ ಅಚ್ಚುಮಾಡಿಸಿದವರು ಒಬ್ಬರೇ, ಕೆ. ಬಿ. ಪಾಠಕರು.

ಮೊದಲು ಬಿಂದುವಿನ ಮಾತು. ಯಕ್ಷನು ಶಾಪದ ಕಾಲವನ್ನು ಕಳೆದ ರಾಮಗಿರಿ ಎಲ್ಲಿ? ಮಲ್ಲಿನಾಥಸೂರಿಯು ಅದನ್ನು ಚಿತ್ರಕೂಟವೆಂದು ವ್ಯಾಖ್ಯಾನಿಸಿದ್ದಾನೆ. ಸೀತಾದೇವಿಯ ಸ್ನಾನದಿಂದ ಪುಣ್ಯವಾದ ನೀರುಳ್ಳದ್ದೆಂದು ಕವಿಯು ಆ ಗಿರಿಯ ಆಶ್ರಮಗಳನ್ನು ವಿಶೇಷಿಸಿರುವುದರಿಂದ ಇದು ಸಹಜವಾಗಿ ಒದಗುವ ಅರ್ಥ. ನಾವು ಪಾಠಶಾಲೆಯಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ಹೀಗೆಯೇ ಓದಿದೆವು. ಅನಂತರ ಮೂವತ್ತು ವರ್ಷಗಳ ಕಾಲ ಹೀಗೆಯೇ ಪಾಠ ಹೇಳಿದೆವು. ವಿದ್ಯಾರ್ಥಿಗಳ ನಕ್ಷೆಯಲ್ಲಿ ರಾಮಗಿರಿಯ ಹಳದಿ ಗುಂಡುಸೂಜಿಯು ನಾಗಪುರದ ಸಮೀಪದ ರಾಮಟೇಕದಲ್ಲಿ ನೆಟ್ಟಿತ್ತು. ವಾ. ವಿ. ಮಿರಾಶಿಯವರು ಬಹುಕಾಲ ಪ್ರತಿಪಾದಿಸಿದ ಪಕ್ಷ ಇದು. ಮಲ್ಲಿನಾಥನನ್ನು ಬಿಟ್ಟಿರೇಕೆಂದು ನಾವು ಸ್ವಲ್ಪ ಕಠಿನವಾಗಿಯೇ ಕೇಳಿದೆವು. ಆ ಹುಡುಗನು ಮರುಮಾತಾಡದೆ ಸೂಜಿಯನ್ನು ಕಿತ್ತು ಚಿತ್ರಕೂಟದಲ್ಲಿ ನೆಟ್ಟು, "ಈಗ ಮೇಘ ಉತ್ತರಕ್ಕೆ ಹೊರಡಲಿ, ಗುರುಗಳೆ" ಎಂದನು.

ಅದು ಹೊರಡಲಾರದು. ಚಿತ್ರಕೂಟವಿರುವುದು ೨೫ ಅಂಶಗಳಿಗಿಂತ ಉತ್ತರದ ಅಕ್ಷಾಂಶದಲ್ಲಿ. ಮೇಘವು ದಾರಿಯಲ್ಲಿ ಕಾಣಬೇಕಾದ ರೇವಾನದಿಯು, ಎಂದರೆ ನರ್ಮದೆಯು, ಅದಕ್ಕೆ ಬಹುದೂರ ದಕ್ಷಿಣದಲ್ಲಿ ಹರಿಯುತ್ತದೆ. ಆಮೇಲೆ ಬರುವ ವಿದಿಶೆಯೂ ದಕ್ಷಿಣದಲ್ಲಿಯೇ ಇದೆ. ಉತ್ತರಕ್ಕೆ ಹೋಗೆಂದು ಬೀಳ್ಕೊಂಡ ಮೇಘವು ಹಿಂದಿರುಗಿ ದಕ್ಷಿಣಕ್ಕೆ ಇಳಿಯದೆ ಇವೆರಡೂ ಕಾಣುವಂತಿಲ್ಲ. ಕಾವ್ಯದೊಳಗಿನ ವಿಶೇಷಣವೊಂದನ್ನು ಹಿಡಿದು ಮಲ್ಲಿನಾಥನು ನಡೆದನು; ಕಾವ್ಯದೊಳಗಿನದೇ ಆದ ದಿಕ್ಕು ಅವನ ಅರ್ಥವನ್ನು ಒಪ್ಪಲಿಲ್ಲ. ಇದನ್ನು ತಿಳಿಯಲು ಗಣಕಯಂತ್ರವೇ ಬೇಕಾಗಿತ್ತೆಂದಲ್ಲ. ಪ್ರಾಥಮಿಕ ಶಾಲೆಯ ಗೋಡೆಯ ಭೂಪಟವೂ ಸಾಕಾಗಿತ್ತು. ಆದರೆ ಮೂವತ್ತು ವರ್ಷ ನಾವು ಆ ಗೋಡೆಯ ಕಡೆ ತಿರುಗಿರಲಿಲ್ಲ. ಸೂಜಿಯನ್ನು ನೆಡಲೇಬೇಕೆಂಬ ನಿರ್ಬಂಧ ಬಂದಾಗ ತಿರುಗಿದೆವು. ಬಿಂದುವಿನ ಲೇಖನಿಯ ಗುಣವೆಂದರೆ ಇದೇ: "ಎಲ್ಲಿಯೋ ಒಂದು ಕಡೆ" ಎಂದು ಹೇಳಿ ತಪ್ಪಿಸಿಕೊಳ್ಳಲು ಅದು ಬಿಡುವುದಿಲ್ಲ.

ದೋಷವೂ ಅದೇ. ಗೂಗಲ್ ಅರ್ಥಿನಲ್ಲಿ ನೆಟ್ಟ ಸೂಜಿಯನ್ನು ಕೆಎಂಎಲ್ ಎಂಬ ಕಡತವಾಗಿ ಉಳಿಸಿದಾಗ ಅದರ ರೇಖಾಂಶ ಅಕ್ಷಾಂಶಗಳು ಹತ್ತಕ್ಕೂ ಮಿಕ್ಕ ದಶಮಾಂಶಸ್ಥಾನಗಳೊಡನೆ ದಾಖಲಾಗುತ್ತವೆ. ಆರನೆಯ ಸ್ಥಾನವೇ ನೆಲದ ಮೇಲೆ ಒಂದು ಗೇಣಿಗಿಂತ ಕಡಿಮೆ. ಯಾವ ರಾಜ್ಯದಲ್ಲಿದೆಯೆಂದು ವಿದ್ವಾಂಸರು ಜಗಳವಾಡುತ್ತಿರುವ ಬೆಟ್ಟಕ್ಕೆ ಕೂದಲೆಳೆಯ ಸ್ಥಾನನಿರ್ದೇಶ! ಇನ್ನೊಂದು ವಿನೋದವನ್ನೂ ಹೇಳಬೇಕು. ಆ ಕಡತದಲ್ಲಿ ರೇಖಾಂಶವು ಮೊದಲು, ಅಕ್ಷಾಂಶವು ಆಮೇಲೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ರೂಢಿಯಂತೆ ಅಕ್ಷಾಂಶವನ್ನು ಮುಂದೆ ಬರೆದದ್ದರಿಂದ ವಿದಿಶೆಯು ಉತ್ತರಧ್ರುವದ ಹತ್ತಿರ ಸ್ವಾಲ್ಬಾರ್ಡ್ ದ್ವೀಪಗಳ ಕಡೆ ಹೋಗಿ ಬಿದ್ದಿತು. ಮೇಘವು ಕೈಲಾಸವನ್ನೂ ದಾಟಿ ಹಿಮಸಮುದ್ರವನ್ನು ಸೇರಿತ್ತು. ಇಂಥ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುವುದರಿಂದ ಭಯವಿಲ್ಲ. ಭಯವಿರುವುದು ಸರಿಯೆಂದು ತೋರುವ ತಪ್ಪುಗಳಲ್ಲಿ.

ಗೆರೆಯ ವಿಷಯದಲ್ಲಿ ಇನ್ನೂ ಸ್ವಾರಸ್ಯವಿದೆ. ವಿದ್ಯಾರ್ಥಿಗಳು ರಾಮಟೇಕದಿಂದ ಅಮರಕಂಟಕಕ್ಕೂ, ಅಲ್ಲಿಂದ ವಿದಿಶೆಗೂ, ಅಲ್ಲಿಂದ ಉಜ್ಜಯಿನಿಗೂ ಗೆರೆಯನ್ನೆಳೆದಿದ್ದರು. ಆಮ್ರಕೂಟವೆಂದರೆ ಅಮರಕಂಟಕವೆಂಬುದು ಬಹುಪ್ರಚಲಿತವಾದ ಅಭಿಪ್ರಾಯ. ಹೆಸರಿನ ಧ್ವನಿಸಾಮ್ಯವೂ, ಅದು ನರ್ಮದೆಯ ಉಗಮಸ್ಥಾನವೆಂಬುದೂ ಇದಕ್ಕೆ ಆಧಾರ. ಅಳತೆಯ ಉಪಕರಣವನ್ನು ಹಿಡಿದು ನೋಡಿದೆವು. ರಾಮಟೇಕದಿಂದ ವಿದಿಶೆಗೆ ನೇರವಾಗಿ ವಾಯವ್ಯಕ್ಕೆ ಸುಮಾರು ೨೮೦ ಕಿಲೋಮೀಟರು. ಅಮರಕಂಟಕದ ಮಾರ್ಗವಾಗಿ ಹೋದರೆ ಮೊದಲು ಈಶಾನ್ಯಕ್ಕೆ ಸುಮಾರು ೨೮೦, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ೪೦೦ಕ್ಕೂ ಮಿಕ್ಕ ಕಿಲೋಮೀಟರುಗಳು. ವಿದಿಶೆಯಿಂದ ಉಜ್ಜಯಿನಿಗಾದರೋ ಸುಮಾರು ೨೦೦ ಮಾತ್ರ.

ಈ ಅಂಕೆಗಳನ್ನು ಕಾವ್ಯದ ಪಕ್ಕದಲ್ಲಿಟ್ಟು ನೋಡಬೇಕು. ಉಜ್ಜಯಿನಿಗೆ ಹೋಗುವುದು ಉತ್ತರಕ್ಕೆ ಹೊರಟವನಿಗೆ ಡೊಂಕುದಾರಿಯೆಂದು ಯಕ್ಷನೇ ಒಪ್ಪಿಕೊಳ್ಳುತ್ತಾನೆ. ಆದರೂ ಆ ನಗರದ ಸೌಧಗಳನ್ನೂ ಸ್ತ್ರೀಯರ ಕಣ್ಣುಗಳನ್ನೂ ನೋಡದಿದ್ದರೆ ಬಾಳು ವ್ಯರ್ಥವೆಂದು ಮೇಘವನ್ನು ಒಲಿಸುತ್ತಾನೆ. ತನ್ನ ಊರಿನ ಮೇಲೆ ಕವಿಗಿದ್ದ ಪ್ರೀತಿಯು ಈ ಸ್ಥಳದಲ್ಲಿ ಹೊಮ್ಮಿದೆಯೆಂದು ರಸಿಕರು ಹೇಳುವುದುಂಟು. ಈ ಪ್ರಸಂಗದ ಚೆಲುವೆಲ್ಲ ಆ ವರೆಗಿನ ದಾರಿಯು ಋಜುವಾಗಿತ್ತೆಂಬುದರ ಮೇಲೆ ನಿಂತಿದೆ. ಆಮ್ರಕೂಟವು ಅಮರಕಂಟಕವೇ ಆಗಿದ್ದರೆ, ಕವಿಯು ಬಾಯಿಬಿಟ್ಟು ಹೇಳಿದ ಡೊಂಕಿಗಿಂತ ಹೇಳದೆ ಬಿಟ್ಟ ಡೊಂಕು ಇಮ್ಮಡಿಯಾಗುತ್ತದೆ. ಸಣ್ಣ ಸುತ್ತಿಗೆ ಕ್ಷಮೆ ಬೇಡಿದವನು ದೊಡ್ಡ ಸುತ್ತನ್ನು ಮರೆತನೆಂದು ಹೇಳಬೇಕಾಗುವುದು. ಕಾಳಿದಾಸನ ವಿಷಯದಲ್ಲಿ ಹೀಗೆ ಹೇಳಲು ನಮಗೆ ಮನಸ್ಸಿಲ್ಲ.

ಇಲ್ಲಿ ಒಂದು ಶಬ್ದದ ವಿಚಾರವೂ ಬರುತ್ತದೆ. ಮಾಳವೆಂಬ ಎತ್ತರದ ಹೊಲಗಳನ್ನು ಏರಿದಮೇಲೆ ಮೇಘಕ್ಕೆ ಹೇಳಿರುವ ಗತಿಯಲ್ಲಿ "ಪಶ್ಚಾತ್" ಎಂಬ ಪದವಿದೆ. ಅದಕ್ಕೆ "ಅನಂತರ" ಎಂದೂ ಅರ್ಥ, "ಪಶ್ಚಿಮಕ್ಕೆ" ಎಂದೂ ಅರ್ಥ. ತರಗತಿಯಲ್ಲಿ ಈ ಎರಡನ್ನೂ ಹೇಳಿ ಮುಂದಿನ ಶ್ಲೋಕಕ್ಕೆ ಹೋಗಿಬಿಡಬಹುದು. ಗೆರೆಯನ್ನೆಳೆಯುವವನಿಗೆ ಆ ಸೌಕರ್ಯವಿಲ್ಲ. ಪಶ್ಚಿಮಾರ್ಥವನ್ನು ಹಿಡಿದರೆ ರಾಮಟೇಕದಿಂದ ಈಶಾನ್ಯದಲ್ಲಿರುವ ಅಮರಕಂಟಕವು ತಾನಾಗಿಯೇ ತಪ್ಪಿಹೋಗುತ್ತದೆ. ಛತ್ತೀಸಗಢದ ರಾಮಗಢದ ಬೆಟ್ಟವೇ ರಾಮಗಿರಿಯೆನ್ನುವವರಿಗೆ ಪಶ್ಚಿಮಾರ್ಥವು ಹೊಂದುತ್ತದೆ. ಆದರೆ ಅಲ್ಲಿಂದ ಅಮರಕಂಟಕವು ಪಶ್ಚಿಮಕ್ಕೆ, ಅದೂ ಸ್ವಲ್ಪ ದಕ್ಷಿಣಕ್ಕೆ ಸರಿದಿರುವುದರಿಂದ "ಉತ್ತರ" ಎಂಬುದು ಕೈಬಿಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ರಾಮಗಿರಿಯು ರಾಮಟೇಕವೇ. ಆಮ್ರಕೂಟವು ರಾಮಟೇಕಕ್ಕೂ ನರ್ಮದೆಗೂ ನಡುವಣ ಗಿರಿಶ್ರೇಣಿಯಲ್ಲಿ ಎಲ್ಲಿಯೋ ಇರಬೇಕು, ಅದನ್ನು ಇಂಥದೇ ಎನ್ನಲು ಪ್ರಮಾಣ ಸಾಲದು. ಇಷ್ಟನ್ನು ಹೇಳುವ ಧೈರ್ಯ ನಮಗೆ ಬಂದದ್ದು ಗೆರೆಯಿಂದ. ಆದಕಾರಣ ಈ ಉಪಕರಣಗಳನ್ನು ಕೇವಲ ಅಲಂಕಾರವೆಂದು ತಳ್ಳಿಹಾಕುವವರ ಪಕ್ಷದಲ್ಲಿ ನಾವು ನಿಲ್ಲಲಾರೆವು.

ಹೀಗಿರಲಾಗಿ, ನಮಗೆ ನಿಜವಾಗಿ ಕಳವಳವುಂಟುಮಾಡಿದ್ದು ಮೂರನೆಯ ಲೇಖನಿ. ಇದನ್ನು ಪಾಲಿಗನ್ ಎನ್ನುತ್ತಾರೆ, ಬಹುಭುಜವೆಂದರೆ ಸರಿಯಾದೀತು. ಕವಿರಾಜಮಾರ್ಗವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯ ವರೆಗೆಂದು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಣ ನಾಡೇ ಕನ್ನಡದ ತಿರುಳೆಂದು ಹೇಳಿರುವುದು ಕನ್ನಡಿಗರಿಗೆಲ್ಲ ವಿದಿತವಾದ ವಿಷಯ. ವಿದ್ಯಾರ್ಥಿಗಳ ಎರಡನೆಯ ಪದರದಲ್ಲಿ ಇವೆರಡೂ ಬಣ್ಣ ತುಂಬಿದ ಬಹುಭುಜಗಳಾಗಿದ್ದುವು.

ಬಹುಭುಜವು ತೆರೆದು ನಿಲ್ಲಲಾರದು. ಕೊನೆಯ ಬಿಂದುವು ಮೊದಲ ಬಿಂದುವನ್ನು ಸೇರಲೇಬೇಕು. ಬರೆಯುವವನು ಸೇರಿಸದಿದ್ದರೆ ಯಂತ್ರವೇ ಸೇರಿಸುವುದು. ಗ್ರಂಥವಾದರೋ ದಕ್ಷಿಣದಲ್ಲಿ ಒಂದು ನದಿಯನ್ನೂ ಉತ್ತರದಲ್ಲಿ ಒಂದು ನದಿಯನ್ನೂ ಹೇಳಿತು. ಪೂರ್ವಪಶ್ಚಿಮಗಳ ಮಾತನ್ನೇ ಎತ್ತಲಿಲ್ಲ. ಎರಡು ಕಡೆ ತೆರೆದಿರುವ ನಾಡನ್ನು ನಾಲ್ಕು ಕಡೆಯೂ ಮುಚ್ಚಬೇಕಾಗಿ ಬಂದಾಗ ಈ ಮಕ್ಕಳು ಏನು ಮಾಡಿದರು? ಪಶ್ಚಿಮಕ್ಕೆ ಸಮುದ್ರತೀರವನ್ನು ಹಿಡಿದರು. ಪೂರ್ವಕ್ಕೆ ಇಂದಿನ ಕರ್ನಾಟಕ ರಾಜ್ಯದ ಗಡಿಯನ್ನು ಹಿಡಿದು, ಅದು ಮುಗಿದಲ್ಲಿಂದ ಗೋದಾವರಿಯ ವರೆಗೆ ಒಂದು ಗೆರೆಯನ್ನು ಚಾಚಿದರು. ಬೇಕೆಂದು ಮಾಡಿದ್ದಲ್ಲವೆಂದು ಅವರು ಹೇಳಿದರು, ನಾವು ನಂಬುತ್ತೇವೆ. ಕ್ಯೂಜಿಐಎಸ್ಸಿನಲ್ಲಿ ಒಂದು ಪದರದ ಬಿಂದುಗಳು ಇನ್ನೊಂದು ಪದರದ ಗೆರೆಗೆ ಅಯಸ್ಕಾಂತಕ್ಕೆ ಕಬ್ಬಿಣದಂತೆ ಅಂಟಿಕೊಳ್ಳುವ ವ್ಯವಸ್ಥೆಯುಂಟು. ಇರುವ ಗೆರೆಯ ಜಾಡನ್ನೇ ಹಿಡಿದು ಹೊಸ ಗೆರೆಯನ್ನು ಓಡಿಸುವ ವ್ಯವಸ್ಥೆಯೂ ಉಂಟು. ಕೆಳಗಿನ ಪದರದಲ್ಲಿ ರಾಜ್ಯದ ಗಡಿಯಿತ್ತು. ಮೌಸನ್ನು ಹತ್ತಿರ ತಂದೊಡನೆ ಗೆರೆಯು ಅದಕ್ಕೆ ಅಂಟಿಕೊಂಡಿತು. ೧೯೫೬ನೆಯ ಇಸವಿ ನವೆಂಬರು ೧ರಂದು ನಿರ್ಮಾಣವಾದ ರಾಜ್ಯದ ಎಲ್ಲೆಯು ಹೀಗೆ ಒಂಬತ್ತನೆಯ ಶತಮಾನದ ಗ್ರಂಥದ ಮಾತಾಗಿ ಕುಳಿತಿತು.

ಇದರಿಂದ ಏನು ಹಾನಿಯೆಂದು ಕೇಳುವವರಿಗೆ ಮುಂದೆ ನಡೆದುದನ್ನು ಹೇಳುತ್ತೇವೆ. ನಾವು ತಿದ್ದುವುದಕ್ಕೆ ಮೊದಲೇ ಆ ನಕ್ಷೆಯ ಚಿತ್ರವೊಂದು ಒಂದು ಸಮಾರಂಭದ ಸ್ಮರಣಸಂಚಿಕೆಯಲ್ಲಿ "ನೃಪತುಂಗನ ಕನ್ನಡನಾಡು" ಎಂಬ ತಲೆಬರಹದೊಡನೆ ಅಚ್ಚಾಯಿತು. ನೆರೆಯ ಭಾಷೆಯ ವಿದ್ವಾಂಸರೊಬ್ಬರು ಅದನ್ನು ನಮ್ಮೆದುರಿಗೆ ಹಿಡಿದು, "ನಿಮ್ಮ ಕವಿಯು ಇಂದಿನ ಗಡಿಯನ್ನು ಮುಂಗಂಡು ಬರೆದನೆ?" ಎಂದು ನಕ್ಕರು. ಗಡಿಯ ವಿಷಯಗಳಲ್ಲಿ ಜನರ ಮನಸ್ಸು ಬೇಗ ಕಾಯುವ ಈ ಕಾಲದಲ್ಲಿ, ಕನ್ನಡದ ಅತ್ಯಂತ ಗೌರವದ ಗ್ರಂಥವೊಂದರ ಸಾಕ್ಷ್ಯವನ್ನು ನಾವೇ ನಗೆಗೀಡುಮಾಡಿದಂತಾಯಿತು. ನಕ್ಷೆಯ ಟಿಪ್ಪಣಿಯಲ್ಲಿ "ಪೂರ್ವಪಶ್ಚಿಮಗಳ ಎಲ್ಲೆ ಊಹೆ" ಎಂದು ವಿದ್ಯಾರ್ಥಿಗಳು ಬರೆದೇ ಇದ್ದರು. ಆದರೆ ಟಿಪ್ಪಣಿಯು ತೆರೆಯುವುದು ಯಂತ್ರದಲ್ಲಿ ಆ ಬಣ್ಣವನ್ನು ಒತ್ತಿದಾಗ ಮಾತ್ರ. ಚಿತ್ರವಾಗಿ ಹೊರತೆಗೆದಾಗ ಬಣ್ಣವು ಬಂದಿತು, ಟಿಪ್ಪಣಿಯು ಹಿಂದುಳಿಯಿತು.

ಇನ್ನು ದಕ್ಷಿಣದ ಎಲ್ಲೆ. ಇಲ್ಲಿ ಗ್ರಂಥವೇ ನದಿಯನ್ನು ಹೇಳಿದೆಯಾದುದರಿಂದ ಸಂಶಯಕ್ಕೆ ಎಡೆಯಿಲ್ಲವೆಂದು ತೋರಬಹುದು. ಆದರೆ ಕಾವೇರಿಯ ಗೆರೆಯನ್ನೇ ಭುಜವನ್ನಾಗಿ ಮಾಡಿದರೆ ಚಾಮರಾಜನಗರ, ನಂಜನಗೂಡು, ಅಷ್ಟೇಕೆ, ಮೈಸೂರು ನಗರವೇ ಹೊರಗೆ ಬೀಳುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಮೈಸೂರಿನವರು ಇಬ್ಬರು. ಆ ಸ್ಥಳದಲ್ಲಿ ಭುಜವು ಕಾವೇರಿಯನ್ನು ಬಿಟ್ಟು ಮೆಲ್ಲಗೆ ದಕ್ಷಿಣಕ್ಕೆ ಬಾಗಿದ್ದುದನ್ನು ಕಂಡು ನಮಗೆ ನಗೆಯೂ ಬಂದಿತು, ಸ್ವಲ್ಪ ಸಹಾನುಭೂತಿಯೂ ಆಯಿತು.

ಆದರೆ ಪ್ರಶ್ನೆಯು ನಗೆಗಿಂತ ಗಂಭೀರವಾದದ್ದು. ನಮ್ಮ ವೈಯಾಕರಣರು ಇದನ್ನು ಬಹುಹಿಂದೆಯೇ ವಿಚಾರಿಸಿದ್ದಾರೆ. "ಆಙ್" ಎಂಬ ಅವ್ಯಯಕ್ಕೆ ಪಾಣಿನಿಯು ಮರ್ಯಾದೆ, ಅಭಿವಿಧಿ ಎಂದು ಎರಡು ಅರ್ಥಗಳನ್ನು ಹೇಳಿದನು. ಪಾಟಲಿಪುತ್ರದವರೆಗೆ ಮಳೆಯಾಯಿತೆಂದರೆ ಪಾಟಲಿಪುತ್ರದಲ್ಲಿ ಮಳೆಯಾಯಿತೋ ಇಲ್ಲವೋ? ಆ ಊರನ್ನು ಬಿಟ್ಟು ಎಂದಾದರೆ ಮರ್ಯಾದೆ. ಒಳಗೊಂಡು ಎಂದಾದರೆ ಅಭಿವಿಧಿ. ಕನ್ನಡದ "ವರೆಗೆ" ಎಂಬುದರಲ್ಲಿಯೂ ಈ ದ್ವೈವಿಧ್ಯವುಂಟು. ಕಾವೇರಿಯ ವಿಷಯದಲ್ಲಿ ಯಾವುದನ್ನು ಹಿಡಿಯಬೇಕು? ನದಿಯೆಂದರೆ ನೀರಿನ ಗೆರೆಯಷ್ಟೆಯೇ, ಅದರ ಎರಡು ದಡಗಳ ನಾಡೂ ಹೌದೆ? ಅಭಿವಿಧಿಯನ್ನು ಹಿಡಿದು ನದಿಯ ಕಣಿವೆಯನ್ನೆಲ್ಲ ಸೇರಿಸಿಕೊಳ್ಳುವುದೇ ಯುಕ್ತವೆಂದು ನಮ್ಮ ಅನಿಸಿಕೆ. ಹಾಗಾದರೆ ಮೈಸೂರಿನವರ ಬಾಗಿದ ಗೆರೆಗೂ ಒಂದು ಸಮರ್ಥನೆ ದೊರೆಯುವುದು. ಆದರೆ ಅದು ಸಮರ್ಥನೆಯಾಗಿ ಟಿಪ್ಪಣಿಯಲ್ಲಿರಬೇಕು, ಅಭಿಮಾನವಾಗಿ ಗೆರೆಯಲ್ಲಿರಕೂಡದು.

ಆಶ್ಚರ್ಯವೇನೆಂದರೆ ಕ್ಯೂಜಿಐಎಸ್ ಯಂತ್ರವೂ ಈ ಭೇದವನ್ನು ಬಲ್ಲದು. ಒಂದು ಬಿಂದುವು ಒಂದು ಬಹುಭುಜದ ಒಳಗಿದೆಯೆ ಎಂದು ಕೇಳಿದರೆ ಎಲ್ಲೆಯ ಮೇಲಿರುವ ಬಿಂದುವಿಗೆ ಇಲ್ಲವೆನ್ನುತ್ತದೆ. ಅದನ್ನು ಸಂಧಿಸುತ್ತದೆಯೆ ಎಂದು ಕೇಳಿದರೆ ಹೌದೆನ್ನುತ್ತದೆ. ಮರ್ಯಾದೆಗೆ ಒಂದು ಗುಂಡಿ, ಅಭಿವಿಧಿಗೆ ಇನ್ನೊಂದು. ವಿದ್ಯಾರ್ಥಿಗಳು ತಿರುಳ್ಗನ್ನಡದ ನಾಡನ್ನು ನಾಲ್ಕು ಊರುಗಳನ್ನೇ ಮೂಲೆಗಳನ್ನಾಗಿ ಮಾಡಿ ಚತುರ್ಭುಜವಾಗಿ ಬರೆದಿದ್ದರು. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ ಇವೇ ಆ ಮೂಲೆಗಳು. ಒಂದೊಂದು ಭುಜವೂ ಸುಮಾರು ೭೫ರಿಂದ ೯೫ ಕಿಲೋಮೀಟರು. ಈ ನಾಲ್ಕು ಊರುಗಳಲ್ಲಿ ಯಾವುವು ತಿರುಳ್ಗನ್ನಡದ ನಾಡಿನೊಳಗಿವೆ ಎಂದು ನಾವು ಒಳಗಿರುವಿಕೆಯ ಗುಂಡಿಯನ್ನೊತ್ತಿ ಕೇಳಿಸಿದೆವು. ಒಂದೂ ಇಲ್ಲವೆಂದು ಉತ್ತರ ಬಂದಿತು! ಕನ್ನಡದ ಸಾರವೆಂದು ಗ್ರಂಥವು ಹೆಸರಿಸಿ ಹೇಳಿದ ಊರುಗಳೇ ಕನ್ನಡದ ಸಾರದಿಂದ ಹೊರಗಾದುವು. ಯಂತ್ರದ ತಪ್ಪಲ್ಲ, ಊರನ್ನು ಮೂಲೆಯನ್ನಾಗಿ ಮಾಡಿದವರ ತಪ್ಪು. ಗ್ರಂಥವು ಊರುಗಳನ್ನು ಹೇಳಿದ್ದು ಒಳ್ಳೆಯ ಕನ್ನಡವು ಎಲ್ಲಿ ಕೇಳಿಬರುತ್ತದೆ ಎಂಬುದಕ್ಕೆ ನಿದರ್ಶನವಾಗಿ. ಹೊಲಕ್ಕೆ ನೆಡುವ ಎಲ್ಲೆಕಲ್ಲುಗಳಾಗಿ ಅಲ್ಲ. ಭಾಷೆಯ ಶುದ್ಧಿಯು ಲಕ್ಷ್ಮೇಶ್ವರದಿಂದ ಒಂದು ಹರದಾರಿ ದಕ್ಷಿಣಕ್ಕೆ ಹೋದೊಡನೆ ನಿಂತುಹೋಗುತ್ತದೆಂದು ಆ ಲಾಕ್ಷಣಿಕನು ಎಲ್ಲಿಯೂ ಹೇಳಿಲ್ಲ.

ಕ್ಷೇತ್ರಫಲದ ಕೋಷ್ಠವನ್ನೂ ಅವರು ತುಂಬಿದ್ದರು. ದೊಡ್ಡ ಬಹುಭುಜದ ಎರಡು ಭುಜಗಳು ಊಹೆ, ಒಂದು ಭುಜವು ವಿವಾದಾಸ್ಪದ. ಆದರೂ ಚದರ ಕಿಲೋಮೀಟರುಗಳ ಲೆಕ್ಕವು ಎರಡು ದಶಮಾಂಶಗಳವರೆಗೆ ಬಂದಿತ್ತು. ಬಂಜೆಯ ಮಗನಿಗೆ ಎಷ್ಟು ವಯಸ್ಸೆಂದು ಲೆಕ್ಕ ಹಾಕಿದಂತೆ.

ಪರಿಹಾರವೇನೆಂದು ಕೇಳಿದರೆ, ಬಹುಭುಜವನ್ನೇ ಬಿಡಬೇಕೆಂದು ನಾವು ಹೇಳೆವು. ಅಚ್ಚಾದ ಗ್ರಂಥಗಳಲ್ಲಿ ಮೂಲವು ದಪ್ಪಕ್ಷರದಲ್ಲಿಯೂ, ಟೀಕೆಯು ಸಣ್ಣಕ್ಷರದಲ್ಲಿಯೂ, ಪಾಠಾಂತರಗಳು ಅಡಿಯಲ್ಲಿಯೂ ಇರುವುವಷ್ಟೆ. ಈ ವ್ಯವಸ್ಥೆಯು ಪದರಗಳಿಂದ ಸುಲಭವಾಗಿ ಸಾಧ್ಯ. ಗ್ರಂಥವು ಹೆಸರಿಟ್ಟು ಹೇಳಿದವು ಒಂದು ಪದರದಲ್ಲಿರಲಿ. ವ್ಯಾಖ್ಯಾತೃಗಳ ನಿರ್ಣಯವು ಇನ್ನೊಂದರಲ್ಲಿ. ಬರೆಯುವವನ ಊಹೆಯು ಮೂರನೆಯದರಲ್ಲಿ. ಪ್ರತಿಯೊಂದು ಆಕೃತಿಯ ಹಿಂದೆ ಒಂದು ಕೋಷ್ಟಕವಿರುವುದು. ಅದರಲ್ಲಿ ಗ್ರಂಥದಲ್ಲಿರುವ ಶಬ್ದವೇನು, ಪಾಠಾಂತರವುಂಟೆ, ಗುರುತಿಸಿದವರಾರು, ನಿಶ್ಚಯವೆಷ್ಟು ಎಂಬ ಕಲಮುಗಳನ್ನು ಮಾಡಿಕೊಂಡು, ನಿಶ್ಚಯದ ಕಲಮನ್ನನುಸರಿಸಿ ಗೆರೆಯು ತುಂಡುತುಂಡಾಗಿಯೋ ಅಖಂಡವಾಗಿಯೋ ತಾನೇ ಮೂಡುವಂತೆ ವಿಧಿಸಬಹುದು. ಆಗ ಚಿತ್ರವಾಗಿ ಹೊರಬಂದಾಗಲೂ ಸಂದೇಹವು ಚಿತ್ರದಲ್ಲಿಯೇ ಉಳಿಯುತ್ತದೆ. ಒತ್ತಿದರೆ ತೆರೆಯುವ ಟಿಪ್ಪಣಿಯನ್ನು ಮಾತ್ರ ನೆಚ್ಚುವುದು ಸಾಲದೆಂಬುದನ್ನು ಸ್ಮರಣಸಂಚಿಕೆಯು ನಮಗೆ ಕಲಿಸಿತು. ಇದಕ್ಕೆ ಶ್ರಮ ಹೆಚ್ಚು. ಇಪ್ಪತ್ತು ನಿಮಿಷಗಳಲ್ಲಿ ಬರೆದ ಪದರವನ್ನು ತಿದ್ದಲು ನಮಗೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಮುಕ್ಕಾಲುಪಾಲು ಕಾಲವು ಯಂತ್ರದ ಮುಂದಲ್ಲ, ಪುಸ್ತಕದ ಮುಂದೆ ಕಳೆಯಿತು.

ತಿದ್ದಿದ ನಕ್ಷೆಯಲ್ಲಿ ಕಾವೇರಿ ಗೋದಾವರಿಗಳು ನೀಲಿ ಗೆರೆಗಳಾಗಿವೆ. ಅವುಗಳ ನಡುವೆ ತಿಳಿಯಾದ ಬಣ್ಣವು ಪೂರ್ವಪಶ್ಚಿಮಗಳ ಕಡೆಗೆ ಮೆಲ್ಲಗೆ ಕರಗಿಹೋಗುತ್ತದೆ. ನಾಲ್ಕು ಊರುಗಳು ಬಿಂದುಗಳಾಗಿಯೇ ಇವೆ, ಒಂದೊಂದರ ಸುತ್ತಲೂ ಒಂದು ಮಸುಕಾದ ವರ್ತುಲ. ಕ್ಷೇತ್ರಫಲದ ಕೋಷ್ಠವು ಖಾಲಿ. ಮೈಸೂರಿನ ವಿಷಯವಾಗಿ ಮರ್ಯಾದಾಭಿವಿಧಿಗಳ ಚರ್ಚೆಯನ್ನು ಆ ಇಬ್ಬರು ವಿದ್ಯಾರ್ಥಿಗಳೇ ಟಿಪ್ಪಣಿಯಾಗಿ ಬರೆದಿದ್ದಾರೆ. ಸ್ವಲ್ಪ ಉದ್ದವಾಯಿತು, ಆದರೆ ನಾವು ಕತ್ತರಿಸಲಿಲ್ಲ. ಮೇಘದೂತದ ಪದರದಲ್ಲಿ ರಾಮಟೇಕದಿಂದ ನರ್ಮದೆಯ ವರೆಗಿನ ಗೆರೆಯು ತುಂಡುಗೆರೆ, ಆಮ್ರಕೂಟಕ್ಕೆ ಸೂಜಿಯಿಲ್ಲ. ಚಿತ್ರಕೂಟದ ಸೂಜಿಯನ್ನು ತೆಗೆದುಬಿಡಬಹುದೆಂದು ಹುಡುಗನು ಸೂಚಿಸಿದನು. ಬೇಡವೆಂದೆವು. ಅದು ಅಲ್ಲಿಯೇ ಇದೆ, ಬೂದುಬಣ್ಣದಲ್ಲಿ, ಯಾವ ಗೆರೆಯೂ ಅದನ್ನು ಮುಟ್ಟುವುದಿಲ್ಲ. ಒತ್ತಿದರೆ ಮಲ್ಲಿನಾಥಸೂರಿಯ ಹೆಸರೂ, ಅವನು ಹಾಗೆ ಹೇಳಲು ಕಾರಣವೂ, ಅದನ್ನು ನಾವು ಈಗ ಒಪ್ಪದಿರುವ ಕಾರಣವೂ ಕಾಣುವುವು.